ಪೊರಕೆ ಗುಡಿಸದ ದೂರು

“ಆ ಗುಂಡಿ ಒತ್ತಿದ್ರೋ, ಇವತ್ತಿಗೆ ನಮ್ಮ ನಿಮ್ಮ ಋಣ ತೀರಿತು ಅಂದ್ಕೊಳ್ಳಿ!”

ಹನ್ನೊಂದು ಜನ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಸುದ್ದಿ ಕೇಳಿ, ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದಿದ್ದ ನನಗೆ ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು. ನಮ್ಮ ತಂಡದ ಯಜಮಾನರ ಬೆರಳು ಲ್ಯಾಪ್‌ಟಾಪಿನ ಮೇಲೆ ಹಾಗೇ ನಿಂತಿತ್ತು. ಗೋಡೆಯ ಪರದೆಯಲ್ಲಿ ಒಂದೇ ಸಾಲು: ‘1146 ಹಳೆಯ ದೂರುಗಳನ್ನು ಶಾಶ್ವತವಾಗಿ ಅಳಿಸಬೇಕೆ?’

“ಕೌಂಟರಕ್ಕಾ, ಕೂತ್ಕೊಳ್ಳಿ. ಮೊದಲು ನೀರು ಕುಡೀರಿ,” ಎಂದರು ಯಜಮಾನರು.

“ನೀರು ಆಮೇಲೆ. ಬೆರಳು ತೆಗೀರಿ.”

ತೆಗೆದರು. ಆದರೆ ತೆಗೆಯುವ ಮುಂಚೆ ಅರೆಕ್ಷಣ ತಡೆದದ್ದನ್ನು ನನ್ನ ಕಣ್ಣು ಬಿಡಲಿಲ್ಲ.

ಇಲ್ಲಿಯವರೆಗಿನದು ಇಷ್ಟೇ: ಲಸಿಕೆಯ ಫ್ರಿಜ್ಜಿನ ಉಷ್ಣತೆಯನ್ನು ಹನ್ನೆರಡು ಹೊತ್ತು ಬರೆದಿಲ್ಲವೆಂದು ನನ್ನ ನಾದಿನಿಯನ್ನು ಆರೋಗ್ಯ ಕೇಂದ್ರದ ನರ್ಸ್ ಕೆಲಸದಿಂದ ಅಮಾನತು ಮಾಡಿದ್ದಾರೆ, ಬರೆದಿದ್ದೇನೆ ಎಂದು ಅವಳು ಹೇಳುತ್ತಾಳೆ, ಇವತ್ತು ಸಂಜೆ ನಾಲ್ಕಕ್ಕೆ ವಿಚಾರಣೆ.

ಅವಳು ಬರೆದದ್ದು ‘ತಂಪುಪಟ್ಟಿ’ಯಲ್ಲಿ. ಆ ತಂತ್ರಾಂಶ ನಮ್ಮದು. ಈ ಕೋಣೆಯಲ್ಲಿ ಕೂತ ಹನ್ನೆರಡು ಜನ ಬಿಡುವಿನಲ್ಲಿ ಬಿಟ್ಟಿಯಾಗಿ ಮಾಡಿ ಕೊಟ್ಟದ್ದು. ಮುನ್ನೂರು ಸಣ್ಣ ಆರೋಗ್ಯ ಕೇಂದ್ರಗಳ ಫ್ರಿಜ್ಜುಗಳ ಲೆಕ್ಕ ಅದರಲ್ಲಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಳ್ಳೆಯ ಕೆಲಸ ಮಾಡಿದವರು ಬಾಯಿ ಮುಚ್ಚಿಕೊಂಡು ಕೂರಬೇಕೆಂದು ಯಾರೂ ಬರೆದಿಟ್ಟಿಲ್ಲ.

ನಾನು ಕೋಡ್ ಬರೆಯುವವಳಲ್ಲ. ಬಸ್ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ನಿವೃತ್ತಿಗೆ ನಾಲ್ಕು ವರ್ಷ ಇರುವಾಗಲೇ, ಮಂಗಳವಾರದ ವಾರದ ರಜೆಯಲ್ಲಿ ಇಲ್ಲಿಗೆ ಬರಲು ಶುರು ಮಾಡಿದೆ. ಬಳಸುವವರು ‘ಇದು ಸರಿಯಿಲ್ಲ, ಅದು ಕೆಟ್ಟಿದೆ’ ಎಂದು ಬರೆದು ಕಳಿಸುವ ದೂರುಗಳು ವರ್ಷಗಟ್ಟಲೆ ರಾಶಿ ಬೀಳುತ್ತವೆ. ಯಾವುದು ಇನ್ನೂ ಜೀವಂತ, ಯಾವುದಕ್ಕೆ ವಾರಸುದಾರರಿಲ್ಲ ಎಂದು ಒಂದೊಂದನ್ನೇ ಕೈಗೆತ್ತಿಕೊಂಡು ನೋಡುವುದು ನನ್ನ ಕೆಲಸ. ಕೊಡೆಯಾದರೇನು, ದೂರಾದರೇನು, ಬಿಟ್ಟುಹೋದವರು ಒಬ್ಬರು ಇದ್ದೇ ಇರುತ್ತಾರೆ.

“ಅತ್ತಿಗೇ, ನಿಮ್ಮ ಕಾಲಿಗೇನು ಚಕ್ರ ಕಟ್ಟಿದ್ದಾರಾ?”

ನಾದಿನಿ ಈಗ ಮೆಟ್ಟಿಲು ಮುಗಿಸಿ ಒಳಗೆ ಬಂದಳು. ಮುಚ್ಚಿದ ಲ್ಯಾಪ್‌ಟಾಪೊಂದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದಳು.

“ಅದು ನಂದು!” ಎಂದ ಚೊಕ್ಕಣ್ಣ.

ಚೊಕ್ಕಣ್ಣ ನಮ್ಮ ಪರೀಕ್ಷಕ. ಹೊಟ್ಟೆಪಾಡಿಗೆ ಕಟ್ಟುಹಲ್ಲು ಮಾಡುತ್ತಾನೆ. ಚೊಕ್ಕಟವೆಂದರೆ ಅವನಿಗೆ ಪ್ರಾಣ, ಅದಕ್ಕೇ ಆ ಹೆಸರು. ಯಾವ ದೂರು ಬಂದರೂ ಹೇಗೆ ಪರೀಕ್ಷಿಸಬೇಕೆಂದು ಅವನು ಬರೆದ ಒಂಬತ್ತು ನಿಯಮಗಳ ಹಲಗೆ ಗೋಡೆಯ ಮೇಲೆ ಏಳು ವರ್ಷದಿಂದ ತೂಗುತ್ತಿದೆ.

“ನಿಂದೇ. ನಿನ್ನೆ ಸಂಜೆ ಇವಳಿಗೆ ಅಂತ ಇಸ್ಕೊಂಡು ಹೋಗಿದ್ದೆ, ಮರೆತ್ಯಾ?” ಎಂದೆ. “ಈಗ ಎಲ್ಲರೂ ಇಲ್ಲಿ ಬನ್ನಿ. ಸುಮ್ಮನೆ ನೋಡಿ. ಯಾರೂ ಮೂಗು ತೂರಿಸೋ ಹಾಗಿಲ್ಲ.”

ನಾದಿನಿ ಮೇಜಿನ ಮುಂದೆ ಕೂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕೆಲಸಕ್ಕೆ ಕೂರುವಾಗ ಅವಳು ಹೀಗೇ, ಅಮಾನತಾದರೂ ಅಭ್ಯಾಸ ಹೋಗಿರಲಿಲ್ಲ.

“ನಿನ್ನೆ ಸಂಜೆ ಐದಕ್ಕೆ ಪುಟ ತೆರೆದೆ. ಮೂರು ಪಾಯಿಂಟ್ ಎಂಟು ಅಂತ ಬರೆದೆ. ಮುಚ್ಚಳ ಹಾಕಿದೆ. ಕೇಂದ್ರದಲ್ಲಿ ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ನಾನು ಮಾಡ್ತಿದ್ದದ್ದು ಇದನ್ನೇ. ಹಳೇ ಕಂಪ್ಯೂಟರ್ ಆದ್ರೆ ಹೋಗೋವಾಗ ಸ್ವಿಚ್ ಆರಿಸಿಬಿಡ್ತಿದ್ದೆ.”

ಮುಚ್ಚಳ ತೆರೆದಳು. ಪುಟ ನಿನ್ನೆ ಇದ್ದ ಹಾಗೇ ಎದ್ದು ಬಂತು. ನಾಲ್ಕು ಪಾಯಿಂಟ್ ಎರಡು ಎಂದು ಬರೆದು ಒತ್ತಿದಳು. ‘ಉಳಿಸಲಾಗಿದೆ’ ಎಂದು ಹಸಿರು ಅಕ್ಷರ ಬಂತು.

“ಈಗ ಪಟ್ಟಿ ತೆಗೆ,” ಎಂದೆ.

ಪಟ್ಟಿ ತೆರೆಯಿತು. ಇವತ್ತಿನ ಬೆಳಗಿನ ಮನೆ ಖಾಲಿ. ನಿನ್ನೆ ಸಂಜೆಯ ಮನೆಯಲ್ಲಿ ನಾಲ್ಕು ಪಾಯಿಂಟ್ ಎರಡು ಆರಾಮಾಗಿ ಕೂತಿತ್ತು. ಮೂರು ಪಾಯಿಂಟ್ ಎಂಟು ಎಲ್ಲೂ ಇರಲಿಲ್ಲ.

ಎಲ್ಲರೂ ಪರದೆಯ ಕಡೆ ಬಾಗಿದರು. ಕೆಳಗೆ ಅಂಗಡಿಯವನು ಟ್ಯೂಬಿಗೆ ಗಾಳಿ ಹಾಕುವುದಷ್ಟೇ ಕೇಳುತ್ತಿತ್ತು.

“ಪುಟ ತೆರೆದಾಗಿನ ತಾರೀಖು, ಹೊತ್ತು ಎರಡನ್ನೂ ಅದು ಹಿಡ್ಕೊಂಡು ಕೂರುತ್ತೆ,” ಎಂದ ಚೊಕ್ಕಣ್ಣ, ಮೆಲ್ಲಗೆ. “ವಾರವಿಡೀ ಪುಟ ಮುಚ್ಚದೇ ಇದ್ರೆ... ದಿನಕ್ಕೆ ಎರಡು ಹೊತ್ತು, ಆರು ದಿನ...”

“ಹನ್ನೆರಡು,” ಎಂದಳು ನಾದಿನಿ. “ನಾನು ಹನ್ನೆರಡೂ ಹೊತ್ತು ಬರೆದಿದ್ದೀನಿ. ಹತ್ತೊಂಬತ್ತು ವರ್ಷದಲ್ಲಿ ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ಲೆಕ್ಕ ಇಲ್ಲ ಅಂತ ಆ ಫ್ರಿಜ್ಜಿನ ಎಂಟು ನೂರು ಲಸಿಕೆ ನನ್ನ ಕಣ್ಣೆದುರೇ ಗುಂಡಿಗೆ ಸುರಿದ್ರು ಗೊತ್ತಾ? ಒಂದೂ ಕೆಟ್ಟಿರಲಿಲ್ಲ.”

 ಅವಳ ತಲೆ ತಗ್ಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಆದರೂ ಆ ಹೊತ್ತಿನಲ್ಲಿ, ಇವಳು ನಮ್ಮ ಮನೆಯವಳು ಎಂದು ನನಗೆ ಎದೆಯುಬ್ಬಿ ಬಂತು.

ಚೊಕ್ಕಣ್ಣ ಎದ್ದುಹೋಗಿ ಗೋಡೆಯ ಹಲಗೆಯ ಮುಂದೆ ನಿಂತ. ಮೊದಲನೇ ನಿಯಮ: ಯಂತ್ರ ಆರಿಸಿ ಹಚ್ಚಿ. ಎರಡನೇ ನಿಯಮ: ಪುಟವನ್ನು ಹೊಸದಾಗಿ ತೆರೆಯಿರಿ.

“ಇಷ್ಟು ವರ್ಷ ನಾವು ಹೀಗೇ ಪರೀಕ್ಷೆ ಮಾಡಿದ್ದು ಅಕ್ಕಾ. ಹೀಗೆ ಮಾಡಿದ್ರೆ ಈ ದೋಷ ಜನ್ಮದಲ್ಲಿ ಕಾಣಲ್ಲ.” ಅವನ ಮುಖ ಸಣ್ಣದಾಯಿತು. “ಇರಲಿ. ಇವತ್ತು ಕಂಡಿತಲ್ಲ, ವಿಚಾರಣೆಯಲ್ಲಿ ಇದನ್ನೇ ತೋರಿಸೋಣ.”

“ತೋರಿಸಿದ್ರೆ ಏನಂತಾರೆ ಗೊತ್ತಾ? ಅತ್ತಿಗೆಯ ಸ್ನೇಹಿತರು ನಾದಿನಿಗೋಸ್ಕರ ಇವತ್ತು ಕೂತು ಹೆಣೆದ ಕಥೆ ಅಂತಾರೆ. ಇದನ್ನ ಓದು.”

ವಿಚಾರಣಾಧಿಕಾರಿ ಕಳಿಸಿದ ನೋಟಿಸನ್ನು ಅವನ ಕೈಗಿಟ್ಟೆ. ಚೊಕ್ಕಣ್ಣ ಗಟ್ಟಿಯಾಗಿ ಓದಿದ. “‘ಸದರಿ ತಂತ್ರಾಂಶದಲ್ಲಿ ಇಂಥ ದೋಷವಿಲ್ಲವೆಂದು ಅದರ ತಯಾರಕರೇ ದೂರು ಸಂಖ್ಯೆ 417ರಲ್ಲಿ ಪರೀಕ್ಷಿಸಿ ದಾಖಲಿಸಿರುತ್ತಾರೆ.’”

ನಾಲ್ಕು ಸಾವಿರ ದೂರುಗಳ ರಾಶಿಯಲ್ಲಿ ಸರಿಯಾಗಿ ಇದೊಂದೇ ಆ ಅಧಿಕಾರಿಯ ಕೈಗೆ ಹೇಗೆ ಸಿಕ್ಕಿತೋ ಎಂದು ನನಗೆ ಎರಡು ದಿನದಿಂದ ಒಳಗೊಳಗೇ ಕೊರೆಯುತ್ತಿತ್ತು. ನನ್ನಂಥವಳಿಗೇ ಅದನ್ನು ಹುಡುಕಲು ಒಂದು ಇಡೀ ದಿನ ಹಿಡಿದಿತ್ತು.

ದೂರು ಆರು ವರ್ಷ ಹಳೆಯದು. ಬರೆದವರು ಹೆಸರು ಕೊಟ್ಟಿಲ್ಲ, ‘ತಣ್ಣೀರು’ ಎಂಬ ಅಡ್ಡಹೆಸರು. ನನಗೆ ಈಗ ಬಾಯಿಪಾಠವಾಗಿದೆ: ‘ಲ್ಯಾಪ್‌ಟಾಪಿನಲ್ಲಿ ಪುಟ ತೆರೆದೇ ಇಟ್ಟಿರುತ್ತೇನೆ. ಇವತ್ತು ಬರೆದದ್ದು ನಿನ್ನೆಯ ಮನೆಯಲ್ಲಿ ಹೋಗಿ ಕೂರುತ್ತಿದೆ. ನಿನ್ನೆಯದು ಮಾಯ. ದಯವಿಟ್ಟು ಬೇಗ ನೋಡಿ, ಇದರಿಂದ ಇಲ್ಲಿ ಒಬ್ಬರ ಕೆಲಸ ಹೋಗಲಿದೆ.’

ಅದರ ಕೆಳಗೆ ನಮ್ಮವರ ಉತ್ತರ: ‘ಪರೀಕ್ಷಿಸಲಾಗಿದೆ. ದೋಷ ಕಂಡುಬಂದಿಲ್ಲ.’ ಮುಚ್ಚಿದವರು: ಪೊರಕೆ.

“ಯಜಮಾನ್ರೇ, ಸ್ವಲ್ಪ ಒಳಗೆ ಬರ್ತೀರಾ?” ಎಂದೆ.

ಒಳಕೋಣೆ ಎಂದರೆ ಒಂದು ಕಬ್ಬಿಣದ ಬೀರು, ಎರಡು ಸ್ಟೂಲು, ಕೆಳಗಿನ ಅಂಗಡಿಯಿಂದ ಏರಿ ಬರುವ ರಬ್ಬರಿನ ವಾಸನೆ. ಯಜಮಾನರು ಕಾಲೇಜಿನಲ್ಲಿ ಗಣಿತ ಹೇಳುವವರು. ತಂಪುಪಟ್ಟಿಯ ಮೊದಲ ಸಾಲು ಬರೆದವರು ಅವರೇ. ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ನಾನು ಅವರಿಗೆ ಬಹುವಚನ ತಪ್ಪಿಸಿದ್ದಿಲ್ಲ. ಆ ದಿನ ಮಾತ್ರ ನಾಲಿಗೆ ತುದಿಗೆ ಬೇರೆಯೇ ಬಂದಿತ್ತು.

“ಪೊರಕೆ ಯಾವಾಗ ಗುಡಿಸುತ್ತೆ?” ಎಂದು ಕೇಳಿದೆ.

“ಗೊತ್ತಲ್ಲಕ್ಕ. ಭಾನುವಾರ ಬೆಳಿಗ್ಗೆ ಆರಕ್ಕೆ.”

ಪೊರಕೆ ಮನುಷ್ಯರಲ್ಲ. ಯಜಮಾನರೇ ಬರೆದ ಚಿಕ್ಕ ಪ್ರೋಗ್ರಾಂ. ನಾವು ಕೇಳಿದ ಪ್ರಶ್ನೆಗೆ ತೊಂಬತ್ತು ದಿನ ಉತ್ತರ ಬರದ ದೂರುಗಳನ್ನು ವಾರಕ್ಕೊಮ್ಮೆ ತಾನಾಗಿ ಮುಚ್ಚಿಹಾಕುತ್ತದೆ.

“ಮುಚ್ಚಿ ಏನಂತ ಬರೆಯುತ್ತೆ?”

“‘ಉತ್ತರ ಬಂದಿಲ್ಲ’ ಅಂತ.”

“ಬೇರೆ ಏನಾದ್ರೂ ಬರೆಯೋಕೆ ಬರುತ್ತಾ ಅದಕ್ಕೆ?”

ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು.

“417 ಮುಚ್ಚಿದ್ದು ಭಾನುವಾರ ಅಲ್ಲ,” ಎಂದೆ. “ಮಂಗಳವಾರ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಅದರಲ್ಲಿರೋ ಮಾತು ಪೊರಕೆಗೆ ಬರೋ ಮಾತೇ ಅಲ್ಲ. ಮುಚ್ಚಿದ್ದು ಒಬ್ಬ ಮನುಷ್ಯ. ನಾಲ್ಕು ವರ್ಷದ ಹಿಂದೆ ದೂರೆಲ್ಲಾ ಹೊಸ ವೆಬ್‌ಸೈಟಿಗೆ ಸಾಗಿಸಿದ್ರಲ್ಲ, ಆಗ ಮುಚ್ಚಿದೋರ ಹೆಸರೆಲ್ಲ ಅಳಿಸಿಹೋಗಿ ಪೊರಕೆ ತಲೆಗೆ ಬಂತು. ಹಳೇ ಪ್ರತಿ ಈ ಬೀರುವಿನಲ್ಲಿದೆ. ತೆಗೀರಿ.”

“ಅದು ಕೆಟ್ಟುಹೋಗಿದೆ ಅಕ್ಕ.”

“ಮೇಷ್ಟ್ರುಗಳಿಗೆ ಸುಳ್ಳು ಹೇಳೋಕೆ ಬರಲ್ಲ. ಆ ಕನ್ನಡಕ ಇನ್ನೆಷ್ಟು ಒರೆಸ್ತೀರಿ, ಗಾಜು ಸವೆದುಹೋಗುತ್ತೆ.”

ಅವರು ಕನ್ನಡಕ ಹಾಕಿಕೊಂಡರು.

“ಇವತ್ತೇ ಯಾಕೆ ಹಳೇ ದೂರುಗಳನ್ನ ಅಳಿಸೋಕೆ ಹೊರಟ್ರಿ? ನಾಲ್ಕು ಗಂಟೆಗೆ ವಿಚಾರಣೆ ಇದೆ ಅಂತ ಗೊತ್ತಿದ್ದೂ? ಯಾರನ್ನ ಉಳಿಸೋಕೆ? ನಿಮ್ಮನ್ನೇನಾ?”

“ಹೌದು. ನಾನೇ ಮುಚ್ಚಿದ್ದು. ಹಾಗಂತಲೇ ಬರ್ಕೊಳ್ಳಿ.”

ಉತ್ತರ ತೀರಾ ಬೇಗ ಬಂತು. ಕೌಂಟರಿನಲ್ಲಿ ‘ಆ ಬ್ಯಾಗು ನಂದೇ’ ಎಂದು ಥಟ್ಟನೆ ಹೇಳುವವರನ್ನು ನಾನು ಎಂದೂ ನಂಬಿದವಳಲ್ಲ. ಅದಕ್ಕೆಂದೇ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಸಿಕ್ಕ ವಸ್ತುವಿನ ಚೀಟಿಯಲ್ಲಿ ಎಲ್ಲ ಬರೆದು, ಒಂದು ಗುರುತು ಮಾತ್ರ ಬರೆಯದೆ ಬಿಡುತ್ತಿದ್ದೆವು. ಒಳಜೇಬಿನ ಹೊಲಿಗೆಯೋ, ಹಿಡಿಕೆಯ ಬಿರುಕೋ. ನಿಜವಾದ ವಾರಸುದಾರರು ಅದನ್ನು ತಾವಾಗಿ ಹೇಳುತ್ತಿದ್ದರು.

“ಮಂಗಳವಾರ ಹನ್ನೊಂದೂ ಇಪ್ಪತ್ತಕ್ಕೆ ನೀವು ಕಾಲೇಜಲ್ಲಿ ಪಾಠ ಮಾಡ್ತಾ ಇರ್ತೀರಿ. ಆಗಲೂ, ಈಗಲೂ. ಬೀರು ತೆಗೀರಿ.”

“ಅಕ್ಕಾ, ಕೈ ಮುಗೀತೀನಿ. ಇದೊಂದು ಬಿಟ್ಟುಬಿಡಿ.”

“ನನ್ನ ನಾದಿನಿ ಕೆಲಸ ಹೋಗುತ್ತೆ ಇವತ್ತು! ‘ಪರೀಕ್ಷಿಸಲಾಗಿದೆ’ ಅಂತ ಬರೆದೋರು ಯಾರು, ಹೇಗೆ ಪರೀಕ್ಷೆ ಮಾಡಿದ್ರು ಅಂತ ಅವರೇ ಬಂದು ಹೇಳದಿದ್ರೆ ಆ ಸಾಲು ಅವಳ ಕುತ್ತಿಗೆಗೆ ಬರುತ್ತೆ. ಅರ್ಥ ಆಗಲ್ವಾ ನಿಮಗೆ?”

ಯಜಮಾನರು ಜೇಬಿನಿಂದ ಬೀಗದ ಕೈ ತೆಗೆದರು. ಬೀರು ತೆರೆದರು. ಹಳೆಯ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. 417 ಎಂದು ಒತ್ತಿ, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ತಾವು ಕಿಟಕಿಯ ಕಡೆ ತಿರುಗಿ ನಿಂತರು.

ಮುಚ್ಚಿದವರು: ಕೌಂಟರಕ್ಕ.

ನಾನು ಮೂರು ಸಲ ಓದಿದೆ.  ಮಂಗಳವಾರ, ನನ್ನ ವಾರದ ರಜೆ. ಇಷ್ಟು ಕಣ್ಣೆದುರು ಇದ್ದದ್ದು ನನಗೆ ಕಾಣಲಿಲ್ಲವೇ?

“ನೀವು ಬಂದ ಮೊದಲ ತಿಂಗಳು ಅದು,” ಎಂದರು ಯಜಮಾನರು, ತಿರುಗಿ ನೋಡದೆ. “ನಾಲ್ಕು ಮಂಗಳವಾರದಲ್ಲಿ ಮುನ್ನೂರು ದೂರು ಮುಗಿಸಿದ್ರಿ. ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ವಿ. ನೋಟಿಸಿನ ವಿಷಯ ಕೇಳಿದ ದಿನವೇ ನಾನು ಇದನ್ನ ತೆಗೆದು ನೋಡಿದೆ. ನಿಮಗೆ ಹೇಗೆ ಹೇಳಲಿ? ಅಳಿಸಿಬಿಟ್ರೆ ಯಾರೂ ಕೆದಕಲ್ಲ ಅಂದ್ಕೊಂಡೆ. ಆ ಹಲಗೆ ತೋರಿಸಿ, ಹೀಗೆ ಪರೀಕ್ಷೆ ಮಾಡಿ ಅಂತ ಹೇಳಿಕೊಟ್ಟೋನು ನಾನೇ ಅಲ್ವಾ.”

ಹೌದು, ಚಪ್ಪಾಳೆ ನೆನಪಿತ್ತು. ಆ ಸಂಜೆ ಮನೆಗೆ ಹೋಗಿ ಆ ಚಪ್ಪಾಳೆಯ ಮಾತನ್ನು ನಾದಿನಿಯೆದುರು ಎರಡು ಸಲ ಹೇಳಿಕೊಂಡದ್ದೂ ನೆನಪಿತ್ತು. ಮುನ್ನೂರರಲ್ಲಿ ಈ ಒಂದು ಮಾತ್ರ ನೆನಪಿರಲಿಲ್ಲ. ಆದರೆ ಹೇಗೆ ಮಾಡಿದೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಮೊದಲು ಯಂತ್ರ ಆರಿಸಿ ಹಚ್ಚಿದೆ, ಆಮೇಲೆ ಪುಟ ಹೊಸದಾಗಿ ತೆರೆದೆ. ‘ಪುಟ ತೆರೆದೇ ಇಟ್ಟಿರುತ್ತೇನೆ’ ಎಂದು ಆ ಪುಣ್ಯಾತ್ಮ ಮೊದಲ ಸಾಲಿನಲ್ಲೇ ಬರೆದಿದ್ದರೂ.

ನಾಚಿಕೆಯಾಯಿತು. ಅಷ್ಟೇ ಸಿಟ್ಟೂ ಬಂತು, ನನ್ನ ಮೇಲೆಯೇ.

“ಅತ್ತಿಗೆ.”

ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಹಾಗಾದ್ರೆ ನನ್ನ ಕೆಲಸ ತೆಗೆದೋರು ನೀವು,” ಎಂದಳು.

“ಹೌದು ಕಣೇ.”

“ಮುಚ್ಚಿಟ್ಟುಬಿಡಬಹುದಿತ್ತು. ಯಜಮಾನ್ರು ತಪ್ಪು ಒಪ್ಕೊಂಡಿದ್ರಲ್ಲ, ಅವರ ತಲೆಗೇ ಕಟ್ಟಿ ಸುಮ್ಮನಾಗಬಹುದಿತ್ತು.”

“ನನ್ನ ಸಾಮಾನನ್ನ ಇನ್ನೊಬ್ಬರು ಹೊತ್ಕೊಂಡು ಹೋಗೋಕೆ ನಾನು ಬಿಡಲ್ಲ. ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದ್ದು.”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ತುಟಿಯ ಒಂದು ಮೂಲೆ ಮೇಲಕ್ಕೇರಿತು.

“ಜಂಬಕ್ಕೇನೂ ಕಡಿಮೆ ಇಲ್ಲ ನಿಮಗೆ,” ಎಂದಳು. “ನಡೀರಿ. ಹೊತ್ತಾಯ್ತು.”

ನಾನು ಏಳುವ ಮುಂಚೆ ಇನ್ನೊಂದು ಕಣ್ಣಿಗೆ ಬಿತ್ತು. ಹಳೆಯ ಪ್ರತಿಯಲ್ಲಿ ದೂರಿನ ಜೊತೆ ಒಂದು ಫೋಟೋ ಇತ್ತು. ಹೊಸ ಸೈಟಿಗೆ ಫೋಟೋಗಳು ಬಂದೇ ಇಲ್ಲ, ಹಾಗಾಗಿ ನಾನಾಗಲೀ ಯಾರಾಗಲೀ ಅದನ್ನು ಈಗ ಅಲ್ಲಿ ನೋಡುವಂತಿಲ್ಲ. ಸ್ಟೂಲಿನ ಮೇಲೊಂದು ಲ್ಯಾಪ್‌ಟಾಪು, ಹಿಂದೆ ಹಳೆಯ ಫ್ರಿಜ್ಜು. ಬಾಗಿಲು ನಿಲ್ಲದೆಂದೋ ಏನೋ, ಅದರ ಹಿಡಿಕೆಗೆ ಬ್ಯಾಂಡೇಜು ಬಟ್ಟೆ ಸುತ್ತಿ ಬಿಗಿದಿದ್ದರು. ದೂರಿನ ಬರಹದಲ್ಲಿ ಈ ಮಾತೇ ಇರಲಿಲ್ಲ.

ಯಜಮಾನರು ದೂರನ್ನೂ ಫೋಟೋವನ್ನೂ ಬೇರೆ ಬೇರೆ ಹಾಳೆಯಲ್ಲಿ ಮುದ್ರಿಸಿಕೊಟ್ಟರು. ಫೋಟೋದ ಹಾಳೆಯನ್ನು ಮಡಿಸಿ ನನ್ನ ಚೀಲದ ಒಳಜೇಬಿಗೆ ಹಾಕಿದೆ. ಯಾಕೆಂದು ಆಗ ನನಗೇ ಸ್ಪಷ್ಟವಿರಲಿಲ್ಲ, ಹಳೆಯ ಅಭ್ಯಾಸ.

ವಿಚಾರಣೆಯ ಕೋಣೆ ಮೂರನೇ ಮಹಡಿಯಲ್ಲಿ. ಉದ್ದನೆಯ ಮೇಜು, ಗಾಜಿನ ಕೆಳಗೆ ಹಳದಿಯಾದ ಸುತ್ತೋಲೆಗಳು, ಕಿರುಗುಡುವ ಫ್ಯಾನು. ಮೇಜಿನ ಆಚೆ ವಿಚಾರಣಾಧಿಕಾರಿ. ಐವತ್ತರ ಹತ್ತಿರದ ವೈದ್ಯರು, ಅಂಗಿಯ ತೋಳಿನ ಮಡಿಕೆ ಕೂಡ ಕೆಡದ ಮನುಷ್ಯ. ಈಚೆ ನಾದಿನಿ ನಿಂತಿದ್ದಳು. ಅವಳಿಗೆ ಕುರ್ಚಿ ಹಾಕಿರಲಿಲ್ಲ. ನಾನೂ ಕೂರಲಿಲ್ಲ.

“ನೀವು ಇವರ ಅತ್ತಿಗೆ ಅಂತೆ,” ಎಂದರು. “ಸಂಬಂಧಿಕರ ಮಾತಿಗೆ ಇಲ್ಲಿ ಬೆಲೆ ಇಲ್ಲ.”

“ಅತ್ತಿಗೆಯಾಗಿ ಬಂದಿಲ್ಲ ಸರ್. ನಿಮ್ಮ ನೋಟಿಸಿನಲ್ಲಿ ಒಂದು ಸಾಲು ಇದೆಯಲ್ಲ, ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ’ ಅಂತ, ಅದನ್ನ ಬರೆದವಳು ನಾನು. ಅದು ತಪ್ಪು ಅಂತ ಹೇಳೋಕೆ ಬಂದಿದ್ದೀನಿ.”

ಅವರು ಪೆನ್ನು ಕೆಳಗಿಟ್ಟರು.

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ. ಒಂಬತ್ತು ನಿಯಮದ ಹಲಗೆ, ಆರಿಸಿ ಹಚ್ಚಿದ ಯಂತ್ರ, ಹೊಸದಾಗಿ ತೆರೆದ ಪುಟ. ದೂರು ಕೊಟ್ಟವರು ಮಾಡಿದಂತೆ ನಾನು ಮಾಡಿ ನೋಡಲೇ ಇಲ್ಲವೆಂದು ಹೇಳಿದೆ. ನಾದಿನಿ ಮಾಡಿದಂತೆಯೇ ಮಾಡಿ, ದೋಷವನ್ನು ಈ ಮೇಜಿನ ಮೇಲೆಯೇ ನಾಳೆ ಬೆಳಿಗ್ಗೆ ತೋರಿಸುತ್ತೇನೆಂದೆ. ಧ್ವನಿ ಒಂದು ಸಲವೂ ನಡುಗಲಿಲ್ಲ. ಆ ಮುನ್ನೂರು ದೂರುಗಳ ಚಪ್ಪಾಳೆಗಿಂತ ಆ ಹತ್ತು ನಿಮಿಷಗಳ ಬಗ್ಗೆ ನನಗೆ ಈಗ ಹೆಮ್ಮೆ ಹೆಚ್ಚು.

“ಇದು ಆರು ವರ್ಷದ ಹಿಂದಿನ ದೂರು,” ಎಂದು ದೂರಿನ ಹಾಳೆಯನ್ನು ಅವರ ಮುಂದಿಟ್ಟೆ.

ಅವರು ಓದಿದರು. ಅಲ್ಲ, ಓದಲಿಲ್ಲ. ಕಣ್ಣು ಸಾಲುಗಳ ಮೇಲೆ ಓಡಲೇ ಇಲ್ಲ, ಹಾಳೆಯ ಮೇಲೆ ಬಿದ್ದಲ್ಲೇ ನಿಂತಿತು. ಈ ನೋಟ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷದ ಹಿಂದೆ ಕಳೆದುಕೊಂಡ ಕೊಡೆ ಕಪಾಟಿನಲ್ಲಿ ಕಂಡವರು ಹೀಗೇ ನೋಡುತ್ತಾರೆ. ಕೈ ಚಾಚುವ ಮೊದಲು ಕಣ್ಣು ಗುರುತು ಹಿಡಿದಿರುತ್ತದೆ.

ಅವರು ಹಾಳೆಯನ್ನು ಬೋರಲು ಹಾಕಿದರು.

“ಹೆಸರಿಲ್ಲ, ಊರಿಲ್ಲ. ‘ತಣ್ಣೀರು’ ಅಂತೆ,” ಎಂದರು. “ಯಾರೋ ಏನೋ. ಇಂಥದ್ದನ್ನ ನಾನು ದಾಖಲೆಗೆ ಸೇರಿಸೋಕಾಗಲ್ಲ.”

“ಬರೆದೋರು ಬಂದು ‘ಹೌದು, ನಂದೇ’ ಅಂದ್ರೆ?”

“ಎಲ್ಲಿಂದ ಬರ್ತಾರಮ್ಮ ಅವರು? ನೋಡಿ, ಹಿಡಿಕೆಗೆ ಬ್ಯಾಂಡೇಜ್ ಸುತ್ತಿದ ಫ್ರಿಜ್ಜು ಇಟ್ಕೊಂಡು ಕೆಲಸ ಮಾಡಿದ ಕೇಂದ್ರದವರ ಮಾತು ಕಟ್ಕೊಂಡು ನಾನು ಇವರನ್ನ ಬಿಡೋಕಾಗುತ್ತಾ?”

ನಾದಿನಿ ತಲೆ ತಗ್ಗಿಸಿದಳು. ಅವಳು ಫೋಟೋ ನೋಡಿರಲಿಲ್ಲ.

ನಾನು ಮಾತ್ರ ಕುರ್ಚಿ ಎಳೆದುಕೊಂಡೆ. ಆ ಕೋಣೆಗೆ ಬಂದ ಮೇಲೆ ಮೊದಲ ಸಲ ಕೂತೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಳಜೇಬಿನ ಜಿಪ್ಪು ತೆಗೆದೆ.

“ಸರ್,” ಎಂದೆ, “ಬ್ಯಾಂಡೇಜಿನ ಮಾತು ಆ ಹಾಳೆಯಲ್ಲಿ ಯಾವ ಸಾಲಿನಲ್ಲಿದೆ? ಒಂಚೂರು ತೋರಿಸ್ತೀರಾ?”

ಅವರು ಹಾಳೆಯನ್ನು ಮತ್ತೆ ತಿರುಗಿಸಿದರು. ಈ ಸಲ ಮೊದಲ ಅಕ್ಷರದಿಂದ ಓದತೊಡಗಿದರು.